ಶನಿವಾರ ಮಧ್ಯಾಹ್ನ 2 ಗಂಟೆಗೆ, ಪಾರ್ಕಿನ ಗೇಟಿನಲ್ಲಿ: ಬೇರೆಯಾದ ಅಪ್ಪ-ಅಮ್ಮನಿಗೆ ಮಗುವಿನ ಭೇಟಿಯ ಮಾರ್ಗದರ್ಶಿ

ನನಗೆ ಸಿಕ್ಕ ಮೊದಲ ಆದೇಶದಲ್ಲಿ ಭೇಟಿಯ ಬಗ್ಗೆ ಇದ್ದದ್ದು ಒಂದೇ ಸಾಲು: ತಂದೆ ತಿಂಗಳಿಗೆ ಎರಡು ಸಲ ಮಗಳನ್ನು ನೋಡಬಹುದು. ಯಾವ ವಾರ, ಎಷ್ಟು ಹೊತ್ತಿಗೆ, ಎಲ್ಲಿ, ಕರೆದುಕೊಂಡು ಬರುವವರು ಯಾರು, ಒಂದೂ ಇಲ್ಲ. ನಾನೋ ಗೆದ್ದೆ ಅಂತ ಖುಷಿಯಲ್ಲಿ ಕೋರ್ಟಿನ ಮೆಟ್ಟಿಲು ಇಳಿದೆ. ಆಮೇಲಿನ ಎಂಟು ತಿಂಗಳು ಆ ಒಂದು ಸಾಲಿನ ಮೇಲೇ ಜಗಳ. ನಾನು ಭಾನುವಾರ ಅಂದರೆ ಅವಳಮ್ಮ ಶನಿವಾರ ಅನ್ನುತ್ತಿದ್ದರು. ಹೊರಗೆ ಕರೆದುಕೊಂಡು ಹೋಗುತ್ತೇನೆ ಅಂದರೆ ಜಗಲಿಯಲ್ಲೇ ಕೂತು ಮಾತಾಡಿ ಅನ್ನುತ್ತಿದ್ದರು. ಅವರದ್ದು ತಪ್ಪು ಅಂತ ಆಗ ಅನ್ನಿಸಿತ್ತು. ಈಗ ಅನ್ನಿಸುವುದಿಲ್ಲ. ಆದೇಶದಲ್ಲಿ ಬರೆದಿರಲಿಲ್ಲ, ಬರೆಸಬೇಕು ಅಂತ ನನಗೂ ಗೊತ್ತಿರಲಿಲ್ಲ.

ನಾನಿರುವುದು ಮಂಗಳೂರಿನಲ್ಲಿ. ಮಗಳು ಅಮ್ಮನ ಜೊತೆ ಉಡುಪಿಯಲ್ಲಿ. ನಡುವೆ 60 ಕಿಲೋಮೀಟರ್ ಕೂಡ ಇಲ್ಲ, ಎಕ್ಸ್‌ಪ್ರೆಸ್ ಬಸ್ ಹತ್ತಿದರೆ ಒಂದೂವರೆ ಗಂಟೆ. ನಾನು ವಕೀಲ ಅಲ್ಲ. ಆದರೆ ಈ ದಾರಿಯಲ್ಲಿ ಎಡವಿದ ಜಾಗಗಳೆಲ್ಲ ನೆನಪುಂಟು, ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಮಗು ಅಪ್ಪನ ಬಳಿ ಇದ್ದು ಅಮ್ಮ ಭೇಟಿ ಕೇಳುವ ಮನೆಗಳಿಗೂ ಇದೇ ಲೆಕ್ಕ.

ಮೊದಲು ಇದು ತಲೆಗೆ ಹೋಗಲಿ

ಕಸ್ಟಡಿ ಬೇರೆ, ಭೇಟಿ ಬೇರೆ. ಕಸ್ಟಡಿ ಅಂದರೆ ಮಗು ಯಾರ ಮನೆಯಲ್ಲಿ ಇರುತ್ತದೆ ಅನ್ನುವುದು. ಅದು ಸಿಗಲಿಲ್ಲ ಅಂದ ಮಾತ್ರಕ್ಕೆ ನೀವು ಅಪ್ಪನೋ ಅಮ್ಮನೋ ಅಲ್ಲ ಅಂತ ಆಗುವುದಿಲ್ಲ. 2020ರಲ್ಲಿ ಯಶಿತಾ ಸಾಹು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಮಗುವಿನ ಕಡೆಯಿಂದ ನೋಡಿತು: ಅಪ್ಪ-ಅಮ್ಮ ಇಬ್ಬರ ಪ್ರೀತಿಯೂ ಮಗುವಿನ ಹಕ್ಕು. ಕಸ್ಟಡಿ ಇಲ್ಲದವರಿಗೆ, ವಿಶೇಷ ಕಾರಣ ಏನೂ ಇಲ್ಲದಿದ್ದರೆ, ದಿನಕ್ಕೆ 5ರಿಂದ 10 ನಿಮಿಷ ಮಗುವಿನ ಜೊತೆ ಮಾತಾಡಲು ಬಿಡಬೇಕು ಅಂತಲೂ ಹೇಳಿತು. ಅರ್ಜಿಯಲ್ಲಿ ಈ ತೀರ್ಪನ್ನು ಉಲ್ಲೇಖಿಸಲು ವಕೀಲರಿಗೆ ಹೇಳಿ.

ಹಿಂದೂಗಳಲ್ಲಿ ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕು ಅಂತ 1956ರ ಕಾಯ್ದೆ ಹೇಳುತ್ತದೆ. ಅದರ ಮೇಲೆ ಕೂತಿರುವ ಮಾತು ಮಗುವಿನ ಹಿತ. ನಮ್ಮ ಊರಿನಲ್ಲಿ, ವಂಶವನ್ನೂ ಬಳಿಯನ್ನೂ (ಗೋತ್ರದಂಥ ಕುಲದ ಹೆಸರು) ತಾಯಿಯ ಕಡೆಯಿಂದ ಎಣಿಸುವ ಅಳಿಯಕಟ್ಟಿನವರಲ್ಲಿ, ಇನ್ನೊಂದು ವಾದ ಕೇಳುತ್ತದೆ: "ನಮ್ಮದು ಅಳಿಯಕಟ್ಟು, ಮಗುವಿನ ಬಳಿ ತಾಯಿಯದ್ದು, ಮನೆ ತಾಯಿಯದ್ದು, ಅಪ್ಪನಿಗೆ ಎಂತ ಕೆಲಸ?" ನನ್ನ ಮಾವ ಕೂಡ ಮಧ್ಯಸ್ಥಿಕೆಯಲ್ಲಿ ಇದನ್ನೇ ಹೇಳಿದ್ದರು. ಬಳಿ ತಾಯಿಯಿಂದ ಬರುವುದು ಹೌದು. ಆದರೆ ಭೇಟಿಯ ಪ್ರಶ್ನೆ ಬಂದಾಗ ಕೋರ್ಟ್ ನೋಡುವುದು ಬಳಿಯನ್ನಲ್ಲ, ಮಗುವನ್ನು.

ಯಾವ ಕೋರ್ಟಿಗೆ ಹೋಗಬೇಕು

ವಿಚ್ಛೇದನದ ಕೇಸು ಈಗಾಗಲೇ ನಡೆಯುತ್ತಿದ್ದರೆ ಹೊಸ ಕೇಸು ಬೇಡ. ಅದೇ ಕೋರ್ಟಿನಲ್ಲಿ ಮಧ್ಯಂತರ ಅರ್ಜಿ ಹಾಕಿದರೆ ಸಾಕು. ವಕೀಲರ ಬಾಯಲ್ಲಿ ಇದು "ಐಎ". ಹಿಂದೂ ವಿವಾಹ ಕಾಯ್ದೆಯಲ್ಲಿ 26ನೇ ಸೆಕ್ಷನ್, ವಿಶೇಷ ವಿವಾಹ ಕಾಯ್ದೆಯಲ್ಲಿ 38. ಕ್ರೈಸ್ತರಿಗೆ 1869ರ ವಿಚ್ಛೇದನ ಕಾಯ್ದೆಯಲ್ಲಿ 41ರಿಂದ ಮುಂದಿನ ಸೆಕ್ಷನ್‌ಗಳು.

ಬೇರೆ ಯಾವ ಕೇಸೂ ಇಲ್ಲದಿದ್ದರೆ 1890ರ ಗಾರ್ಡಿಯನ್ಸ್ ಆಂಡ್ ವಾರ್ಡ್ಸ್ ಕಾಯ್ದೆ (ಅಪ್ರಾಪ್ತ ಮಕ್ಕಳ ಪಾಲಕತ್ವದ ಕಾಯ್ದೆ) ಉಂಟು. ಇದು ಎಲ್ಲ ಧರ್ಮದವರಿಗೂ ಬರುತ್ತದೆ. ಇಲ್ಲಿ ಒಂದು ಮುಖ್ಯ ಸಂಗತಿ: ಈ ಅರ್ಜಿಯನ್ನು ಮಗು ಸಾಮಾನ್ಯವಾಗಿ ವಾಸ ಇರುವ ಜಾಗದ ಕೋರ್ಟಿನಲ್ಲಿ ಹಾಕಬೇಕು. ನಿಮ್ಮ ಮನೆ ಮಂಗಳೂರಿನಲ್ಲಿದ್ದು ಮಗು ಉಡುಪಿಯಲ್ಲಿ ಶಾಲೆಗೆ ಹೋಗುತ್ತಿದ್ದರೆ, ಉಡುಪಿಗೇ ಹೋಗಬೇಕು. ಹತ್ತಿರ ಆಗುತ್ತದೆ ಅಂತ ಮಂಗಳೂರಿನಲ್ಲಿ ಹಾಕಿದರೆ, ವ್ಯಾಪ್ತಿ ಇಲ್ಲ ಅಂತ ಎದುರಿನವರು ತಕರಾರು ತೆಗೆಯುತ್ತಾರೆ. ಆರು ತಿಂಗಳು ಅದರಲ್ಲೇ ಹೋಗುತ್ತದೆ.

ಕೌಟುಂಬಿಕ ದೌರ್ಜನ್ಯದ ಕೇಸು ಇದ್ದರೆ, 2005ರ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಮ್ಯಾಜಿಸ್ಟ್ರೇಟರೂ ಮಗುವಿನ ತಾತ್ಕಾಲಿಕ ಕಸ್ಟಡಿ ಮತ್ತು ಭೇಟಿಯ ಬಗ್ಗೆ ಆದೇಶ ಮಾಡಬಹುದು.

ವಕೀಲರಿಗೆ ಕೊಡಲು ದುಡ್ಡಿಲ್ಲ ಅಂತ ಸುಮ್ನೆ ಕೂರಬೇಡಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಂಗಸರಿಗೆ ಮತ್ತು ಮಕ್ಕಳಿಗೆ ವರಮಾನ ಎಷ್ಟೇ ಇದ್ದರೂ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ಗಂಡಸರಿಗೆ ಸಾಮಾನ್ಯವಾಗಿ ವರಮಾನದ ಮಿತಿ ಉಂಟು. 15100ಕ್ಕೆ ಫೋನ್ ಮಾಡಿದರೆ ದಾರಿ ಹೇಳುತ್ತಾರೆ.

ಸ್ಟಾಂಪ್ ಪೇಪರನ್ನು ನಂಬಿ ಕೂರಬೇಡಿ

ನಮ್ಮಲ್ಲಿ ಕೋರ್ಟಿಗೆ ಹೋಗುವ ಮೊದಲು ಹಿರಿಯರು ಕೂತು ಮಾತಾಡುತ್ತಾರೆ. ಕೆಲವರಲ್ಲಿ ಜಮಾತ್, ಕೆಲವರಲ್ಲಿ ಚರ್ಚಿನ ಫಾದರ್, ಕೆಲವರಲ್ಲಿ ಕುಟುಂಬದ ಯಜಮಾನರು. ಒಳ್ಳೆಯದೇ. ಅಲ್ಲಿ ಆದ ಒಪ್ಪಂದವನ್ನು ಸ್ಟಾಂಪ್ ಪೇಪರಿನಲ್ಲಿ ಬರೆದು ನೋಟರಿಯ ಸೀಲು ಹಾಕಿಸುತ್ತಾರೆ. ತೊಂದರೆ ಬರುವುದು ಆಮೇಲೆ. ನೋಟರಿ ಕಾಗದ ಕೋರ್ಟಿನ ಆದೇಶ ಅಲ್ಲ. ಮುರಿದರೆ ಸಾಕ್ಷಿಯಾಗಿ ತೋರಿಸಬಹುದು, ಅಷ್ಟೇ. "ಆದೇಶ ಮೀರಿದ್ದಾರೆ" ಅಂತ ಕ್ರಮ ಕೇಳಲು ಅದರಿಂದ ಆಗುವುದಿಲ್ಲ.

ಹಾಗಾಗಿ ಒಪ್ಪಂದ ಆಗುತ್ತದೆ ಅನ್ನಿಸಿದರೆ ಅದನ್ನು ಕೋರ್ಟಿನ ಮಧ್ಯಸ್ಥಿಕೆ ಕೇಂದ್ರದಲ್ಲೇ ಮಾಡಿಕೊಳ್ಳಿ. ಅಲ್ಲಿ ಆಡಿದ ಮಾತು ಗುಟ್ಟಾಗಿಯೇ ಉಳಿಯುತ್ತದೆ, ಸಹಿ ಹಾಕಿದ ಒಪ್ಪಂದ ಮಾತ್ರ ಜಡ್ಜರ ಮುಂದೆ ಹೋಗಿ ಆದೇಶದ ಭಾಗವಾಗುತ್ತದೆ. ಪರಸ್ಪರ ಒಪ್ಪಿಗೆಯ ವಿಚ್ಛೇದನವಾದರೂ ಭೇಟಿಯ ಪೂರ್ತಿ ವಿವರ ಅರ್ಜಿಯಲ್ಲೇ ಇರಲಿ. "ಮಗುವಿನ ವಿಷಯ ನಾವು ನಾವೇ ನೋಡಿಕೊಳ್ಳುತ್ತೇವೆ" ಅಂತ ಬರೆದು ಡಿಕ್ರಿ ತೆಗೆದುಕೊಂಡ ಇಬ್ಬರು ಗೆಳೆಯರು ನನಗಿದ್ದಾರೆ. ಇಬ್ಬರೂ ಈಗ ಎರಡನೇ ಸಲ ಕೋರ್ಟಿನಲ್ಲಿದ್ದಾರೆ.

ಅರ್ಜಿಗೆ ಏನೇನು ಬೇಕು

ಮಗುವಿನ ಜನನ ಪ್ರಮಾಣಪತ್ರ, ಶಾಲೆಯ ವಿವರ, ನೀವು ಕಟ್ಟಿದ ಫೀಸಿನ ರಸೀದಿ, ಆಸ್ಪತ್ರೆಯ ಚೀಟಿಗಳು, ಭೇಟಿ ಕೇಳಿ ಕಳಿಸಿದ ಮೆಸೇಜುಗಳು. ವಾಟ್ಸಾಪ್ ಮೆಸೇಜಿನ ಪ್ರಿಂಟ್ ಕೊಡುವುದಿದ್ದರೆ ಅದಕ್ಕೊಂದು ಸರ್ಟಿಫಿಕೇಟ್ ಲಗತ್ತಿಸಬೇಕಾಗುತ್ತದೆ, ವಕೀಲರನ್ನು ಕೇಳಿ.

ಅಫಿಡವಿಟ್‌ನಲ್ಲಿ ಗಂಡ-ಹೆಂಡತಿಯ ಜಗಳದ ಪುರಾಣ ಬೇಡ. ನನ್ನ ಮೊದಲ ಅಫಿಡವಿಟ್ 14 ಪುಟ ಇತ್ತು, ಅದರಲ್ಲಿ ಮಗಳ ಹೆಸರು ಬಂದದ್ದು ಮೂರೇ ಕಡೆ. ಎರಡನೆಯದು ನಾಲ್ಕು ಪುಟ. ಮಗಳಿಗೆ ಈಗ ಎಷ್ಟು ವಯಸ್ಸು, ಎಷ್ಟು ಗಂಟೆಗೆ ಮಲಗುತ್ತಾಳೆ, ಯಾವ ಔಷಧಿ ತೆಗೆದುಕೊಳ್ಳುತ್ತಾಳೆ, ನನ್ನ ಡ್ಯೂಟಿ ಯಾವಾಗ ಮುಗಿಯುತ್ತದೆ, ನನ್ನ ಮನೆಯಲ್ಲಿ ಯಾರಿದ್ದಾರೆ, ಅವಳು ಬಂದರೆ ಯಾವ ಕೋಣೆಯಲ್ಲಿ ಮಲಗುತ್ತಾಳೆ. ಕೆಲಸ ಆದದ್ದು ಎರಡನೆಯದರಿಂದ.

ಜಡ್ಜರು ಮಗುವಿನ ಜೊತೆ ಚೇಂಬರಿನಲ್ಲಿ ಮಾತಾಡಬಹುದು. ತಿಳಿವಳಿಕೆ ಬಂದ ಮಗುವಿನ ಇಷ್ಟವನ್ನು ಕೋರ್ಟ್ ಪರಿಗಣಿಸಬಹುದು ಅಂತ 1890ರ ಕಾಯ್ದೆಯ 17ನೇ ಸೆಕ್ಷನ್‌ನಲ್ಲೇ ಉಂಟು. ಏನು ಹೇಳಬೇಕು ಅಂತ ಮಗುವಿಗೆ ಕಲಿಸಿ ಕಳಿಸಬೇಡಿ. ಕಲಿಸಿದ್ದು ಎರಡನೇ ಪ್ರಶ್ನೆಗೇ ಗೊತ್ತಾಗುತ್ತದೆ.

ಇನ್ನೊಂದು ಉಪಾಯ, ಇದನ್ನು ಯಾರೂ ನನಗೆ ಹೇಳಿರಲಿಲ್ಲ. ದೊಡ್ಡ ರಜೆಯಲ್ಲಿ ಮಗು ಬೇಕಾದರೆ ಫೆಬ್ರವರಿಯಲ್ಲೇ ಅರ್ಜಿ ಹಾಕಿ. ಶಾಲೆಗೆ ರಜೆ ಬರುವ ಹೊತ್ತಿಗೆ ಸಿವಿಲ್ ಕೋರ್ಟುಗಳಿಗೂ ಬೇಸಿಗೆ ರಜೆ ಬರುತ್ತದೆ. ನಾನು ಏಪ್ರಿಲ್‌ನಲ್ಲಿ ಹಾಕಿದ್ದೆ. ಜೂನ್‌ನಲ್ಲಿ ವಾಯಿದೆ, ಅಂದರೆ ವಿಚಾರಣೆಯ ದಿನ, ಸಿಕ್ಕಿತು. ಅಷ್ಟರಲ್ಲಿ ಮಗಳು ಹೊಸ ಕೊಡೆ ಹಿಡಿದು ಮುಂದಿನ ಕ್ಲಾಸಿಗೆ ಹೋಗಿಯಾಗಿತ್ತು.

ವೇಳಾಪಟ್ಟಿ ಬರೆಯುವುದು: ಇಡೀ ಕೆಲಸ ಇರುವುದು ಇಲ್ಲೇ

ಅರ್ಜಿಯ ಕೊನೆಯಲ್ಲಿ "ಸೂಕ್ತ ಭೇಟಿಯ ಅವಕಾಶ ಕೊಡಬೇಕು" ಅಂತ ಬರೆದರೆ, ಸೂಕ್ತ ಅಂದರೆ ಏನು ಅನ್ನುವ ಜಗಳವನ್ನು ನೀವೇ ಮನೆಗೆ ತಂದ ಹಾಗೆ. ಬೇಕಾದದ್ದನ್ನು ಗಂಟೆ, ಜಾಗ, ಮನುಷ್ಯರ ಸಮೇತ ನೀವೇ ಬರೆದುಕೊಡಿ. ನಮ್ಮ ಎರಡನೇ ಆದೇಶದಲ್ಲಿ ಹೀಗಿತ್ತು:

"ಪ್ರತಿ ತಿಂಗಳ ಎರಡನೇ ಮತ್ತು ನಾಲ್ಕನೇ ಶನಿವಾರ ಮಧ್ಯಾಹ್ನ 2 ಗಂಟೆಗೆ ತಾಯಿ ಅಥವಾ ತಾಯಿಯ ತಂದೆ ಮಗುವನ್ನು ಅಜ್ಜರಕಾಡಿನ ಭುಜಂಗ ಪಾರ್ಕಿನ ಗೇಟಿನಲ್ಲಿ ತಂದೆಗೆ ಒಪ್ಪಿಸತಕ್ಕದ್ದು. ತಂದೆ ಭಾನುವಾರ ಸಂಜೆ 5 ಗಂಟೆಗೆ ಅದೇ ಜಾಗದಲ್ಲಿ ಮರಳಿ ಒಪ್ಪಿಸತಕ್ಕದ್ದು. ಅರ್ಧ ಗಂಟೆಗಿಂತ ಹೆಚ್ಚು ತಡವಾದರೆ ಫೋನ್ ಮಾಡತಕ್ಕದ್ದು. ಜ್ವರ ಅಥವಾ ಪರೀಕ್ಷೆಯಿಂದ ಭೇಟಿ ತಪ್ಪಿದರೆ ಮುಂದಿನ ಶನಿವಾರ ಅದೇ ಹೊತ್ತಿಗೆ ನಡೆಯತಕ್ಕದ್ದು."

ಒಂದೊಂದು ಪದಕ್ಕೂ ಕಾರಣ ಉಂಟು. "ವಾರ ಬಿಟ್ಟು ವಾರ" ಅಂತ ಬರೆದರೆ ಒಂದು ಭೇಟಿ ತಪ್ಪಿದ ಕೂಡಲೇ ಈ ವಾರ ಯಾರದ್ದು ಅಂತ ಲೆಕ್ಕ ತಪ್ಪುತ್ತದೆ. ಎರಡನೇ, ನಾಲ್ಕನೇ ಅಂದರೆ ಕ್ಯಾಲೆಂಡರ್ ನೋಡಿದರೆ ಸಾಕು. ಮಧ್ಯಾಹ್ನ 2 ಗಂಟೆ ಯಾಕೆ ಅಂದರೆ ಅವಳ ಶಾಲೆಗೆ ಶನಿವಾರ ಅರ್ಧ ದಿನ. ಮನೆಗೆ ಬಂದು ಯೂನಿಫಾರಂ ಬದಲಿಸಿ ಊಟ ಮಾಡಲು ಹೊತ್ತು ಬೇಕು. ಪಾರ್ಕಿನ ಗೇಟು ಯಾಕೆ ಅಂದರೆ, ಮನೆಬಾಗಿಲಲ್ಲಿ ಮಗುವನ್ನು ಕೊಡುವಾಗ ನಾಲ್ಕು ಮಾತು ಬರುತ್ತದೆ. ಜನ ಓಡಾಡುವ ಜಾಗದಲ್ಲಿ ಬಾಯಿ ತನ್ನಷ್ಟಕ್ಕೇ ಸಣ್ಣದಾಗುತ್ತದೆ. ಅಜ್ಜನ ಹೆಸರು ಸೇರಿಸಿದ್ದು ಅವಳಮ್ಮನೇ, ನನ್ನ ಮುಖ ನೋಡುವ ಮನಸ್ಸಿಲ್ಲದ ದಿನಗಳಿಗೆ. ಒಳ್ಳೆಯ ಯೋಚನೆ ಅದು. ಅಜ್ಜ ಮಾವಿನ ಹಣ್ಣಿನ ತೊಟ್ಟೆಯ ಸಮೇತ ಬರುತ್ತಿದ್ದರು.

ಮಳೆಗಾಲವನ್ನು ಮರೆಯಬೇಡಿ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಜಿಲ್ಲೆಗಳಲ್ಲಿ ಜಿಲ್ಲಾಧಿಕಾರಿಗಳು ಮಳೆ ರಜೆ ಕೊಡುತ್ತಾರೆ, ಆ ಪಾಠ ಸರಿದೂಗಿಸಲು ಆಮೇಲೆ ಶನಿವಾರ ಪೂರ್ತಿ ದಿನ ತರಗತಿ ಮಾಡುವುದೂ ಉಂಟು. "ಶನಿವಾರ ಪೂರ್ಣ ತರಗತಿ ಇದ್ದರೆ ಸಂಜೆ 5ಕ್ಕೆ" ಅಂತ ಒಂದು ಸಾಲು ಸೇರಿಸಿ. ಅಪ್ಪ ಬೆಂಗಳೂರಿನಲ್ಲಿದ್ದರೆ ಶಿರಾಡಿ ಘಾಟಿಯ ಬಗ್ಗೆಯೂ ಬರೆಸಿ. ಗುಡ್ಡ ಜರಿದು ರಸ್ತೆ ಮುಚ್ಚಿದರೆ ಆ ಭೇಟಿ ರದ್ದಲ್ಲ, ಮುಂದಕ್ಕೆ ಅಂತ.

ಹಬ್ಬಗಳಲ್ಲಿ ಜಗಳ ಜಾಸ್ತಿ. ದೀಪಾವಳಿ, ಚೌತಿ, ಬಿಸು, ಮೊಂತಿ ಫೆಸ್ತ್, ಕ್ರಿಸ್‌ಮಸ್, ಈದ್, ನಿಮ್ಮಲ್ಲಿ ಯಾವುದು ಮುಖ್ಯವೋ ಅದನ್ನು ಹೆಸರು ಹಿಡಿದು ಬರೆಸಿ. ಸಮ ವರ್ಷ ಒಬ್ಬರಿಗೆ, ಬೆಸ ವರ್ಷ ಇನ್ನೊಬ್ಬರಿಗೆ ಅಂದರೆ ಸುಲಭ. ನಾಗರ ಪಂಚಮಿಗೆ ಮಾತ್ರ ಈ ಲೆಕ್ಕ ಸಾಲುವುದಿಲ್ಲ, ಯಾಕೆಂದರೆ ಎರಡೂ ಕಡೆಯವರಿಗೆ ಅವರವರ ಮೂಲನಾಗನ ಬನಕ್ಕೆ ಮಗು ಬರಲೇಬೇಕು ಅಂತ ಇರುತ್ತದೆ. ನಾವು ಬೆಳಿಗ್ಗೆ ಒಂದು ಬನ, ಮಧ್ಯಾಹ್ನದ ಮೇಲೆ ಇನ್ನೊಂದು ಅಂತ ಮಾಡಿಕೊಂಡೆವು. ನಾಗನಿಗೆ ತನು (ಹಾಲು, ಎಳನೀರು) ಎರೆದದ್ದು ಎರಡೂ ಕಡೆ, ಅರಶಿನ ಎಲೆಯ ಕಡುಬು ತಿಂದದ್ದೂ ಎರಡೂ ಕಡೆ. ಕುಟುಂಬದ ದೈವದ ನೇಮ, ಕೋಲ, ಮದುವೆಗಳಿಗೆ ದಿನ ಮೊದಲೇ ಗೊತ್ತಿರುವುದಿಲ್ಲ. "15 ದಿನ ಮೊದಲು ತಿಳಿಸಿದರೆ ಒಂದು ದಿನ ಹೆಚ್ಚುವರಿ" ಅಂತ ಬರೆದರೆ ಮುಗಿಯಿತು.

ಬೇಸಿಗೆ ರಜೆಯನ್ನೂ ದಸರಾ ರಜೆಯನ್ನೂ ಅರ್ಧರ್ಧ ಕೇಳಿ. ಮೊದಲರ್ಧ ಯಾರಿಗೆ, ಎರಡನೇ ಅರ್ಧ ಯಾರಿಗೆ ಅಂತಲೂ ಹೇಳಿ. ಅಂಕಪಟ್ಟಿ ನೋಡುವುದು, ಪೋಷಕರ ಸಭೆಗೆ ಹೋಗುವುದು, ಆಸ್ಪತ್ರೆಗೆ ಸೇರಿಸಿದರೆ ತಕ್ಷಣ ತಿಳಿಸುವುದು, ಇವೂ ಆದೇಶದಲ್ಲಿ ಬರಲಿ. ಆದೇಶದ ಸರ್ಟಿಫೈಡ್ ಕಾಪಿ ಒಂದನ್ನು ಶಾಲೆಯ ಮುಖ್ಯೋಪಾಧ್ಯಾಯರಿಗೆ ಕೊಟ್ಟಿಡಿ. ಗೇಟಿನಲ್ಲಿ ಯಾರ ಮಾತು ಕೇಳಬೇಕು ಅನ್ನುವ ಸಂಕಟ ಅವರಿಗೂ ತಪ್ಪುತ್ತದೆ.

ಗಲ್ಫ್‌ನಲ್ಲಿ ಇರುವವರಿಗೆ

ಈ ಮಾತು ನಮ್ಮ ಕರಾವಳಿಯಲ್ಲಿ ಬಿಡುವ ಹಾಗೇ ಇಲ್ಲ. ವಿಡಿಯೊ ಕರೆಯ ಹೊತ್ತು ಬರೆಸುವಾಗ ಗಡಿಯಾರದ ವ್ಯತ್ಯಾಸ ನೋಡಿ. ಇಲ್ಲಿ ಸಂಜೆ ಏಳೂವರೆ ಅಂದರೆ ದುಬೈಯಲ್ಲಿ ಆರು, ಸೌದಿ, ಕುವೈತ್, ಕತಾರ್‌ಗಳಲ್ಲಿ ಐದು. ಐದಕ್ಕೆ ಹಲವರ ಡ್ಯೂಟಿ ಮುಗಿದಿರುವುದಿಲ್ಲ, ಅವರ ಡ್ಯೂಟಿ ಮುಗಿಯುವಾಗ ಮಗು ನಿದ್ದೆಗೆ ಜಾರಿರುತ್ತದೆ. ಸೌದಿ, ಕುವೈತ್, ಕತಾರ್‌ಗಳಲ್ಲಿ ಶುಕ್ರವಾರ ರಜೆ, ಇಲ್ಲಿ ಮಗುವಿಗೆ ಶಾಲೆ. ವಾರದಲ್ಲಿ ಮೂರು ದಿನ ಹತ್ತು ನಿಮಿಷ, ಶುಕ್ರವಾರ ರಾತ್ರಿ ಅರ್ಧ ಗಂಟೆ ಅಂತ ಕೇಳಿದರೆ ನಡೆಯುತ್ತದೆ. ಯಾರ ಫೋನಿಗೆ ಕರೆ ಬರುತ್ತದೆ ಅಂತಲೂ ಬರೆಸಿ. ಊರಿಗೆ ಬರುವ ವಾರ್ಷಿಕ ರಜೆಗೆ ಬೇರೆಯೇ ಕಲಂ ಬೇಕು: ಒಂದು ತಿಂಗಳು ಮೊದಲು ಟಿಕೆಟಿನ ಪ್ರತಿ ಕಳಿಸಿದರೆ ರಜೆಯ ಇಷ್ಟು ದಿನ ಮಗು ಜೊತೆಗಿರುತ್ತದೆ ಅಂತ.

ಮಗುವಿನ ಪಾಸ್‌ಪೋರ್ಟ್ ಯಾರ ಕೈಯಲ್ಲಿ ಇರಬೇಕು, ಕೋರ್ಟಿನ ಅನುಮತಿ ಇಲ್ಲದೆ ದೇಶದ ಹೊರಗೆ ಕರೆದುಕೊಂಡು ಹೋಗಬಾರದು ಅನ್ನುವ ಎರಡು ಸಾಲು ಬಿಡಬೇಡಿ. ಬಜ್ಪೆಯಿಂದ ವಿಮಾನ ಹಾರಿದ ಮೇಲೆ ಯಾವ ಐಎಯೂ ಬೇಗ ಕೆಲಸಕ್ಕೆ ಬರುವುದಿಲ್ಲ. ಹೊರದೇಶದಲ್ಲಿದ್ದವರು ವಿಚಾರಣೆಗೆ ವಿಡಿಯೊ ಕಾನ್ಫರೆನ್ಸ್‌ನಲ್ಲಿ ಹಾಜರಾಗಲು ಅನುಮತಿ ಕೇಳಬಹುದು.

ಮೊದಲ ಭೇಟಿ

ತುಂಬ ದಿನ ಮಗು ನಿಮ್ಮನ್ನು ನೋಡಿರದಿದ್ದರೆ ಕೋರ್ಟ್ ಮೊದಲು ಆವರಣದಲ್ಲೇ ಒಂದೆರಡು ಗಂಟೆ ಕೊಡಬಹುದು. ಬೇಜಾರು ಮಾಡಬೇಡಿ, ಅದು ಮೆಟ್ಟಿಲು. ನನ್ನ ಮೊದಲ ಭೇಟಿಗೆ ನನ್ನ ಸೊಂಟದಷ್ಟು ಎತ್ತರದ ಗೊಂಬೆ ಹೊತ್ತುಕೊಂಡು ಹೋಗಿದ್ದೆ. ಆರು ವರ್ಷದ ಮಗಳು ಗೊಂಬೆ ನೋಡಿ ಅಜ್ಜಿಯ ಸೀರೆಯ ಹಿಂದೆ ಅಡಗಿದಳು. ಬೆಂಚಿನ ಆ ತುದಿಯಲ್ಲಿ ಅವರು, ಈ ತುದಿಯಲ್ಲಿ ನಾನು, ನಡುವೆ ಗೊಂಬೆ. ನಲವತ್ತು ನಿಮಿಷ ಹೀಗೇ ಹೋಯಿತು. ಕೊನೆಗೆ ನನ್ನ ಕಿಸೆಯಲ್ಲಿದ್ದ ಬಸ್ ಟಿಕೆಟ್ ತೆಗೆದು ಸುಮ್ನೆ ದೋಣಿ ಮಾಡತೊಡಗಿದೆ. "ಅದಕ್ಕೆ ಹಾಯಿ ಇಲ್ವಾ?" ಅಂತ ಕೇಳಿದಳು.

ಮುಂದಿನ ಸಲ ಖಾಲಿ ಕಾಗದ ಮಾತ್ರ ತೆಗೆದುಕೊಂಡು ಹೋದೆ.

ಅಮ್ಮ ಏನು ಹೇಳುತ್ತಾರೆ, ಮನೆಗೆ ಯಾರು ಬರುತ್ತಾರೆ ಅಂತ ಮಗುವನ್ನು ಕೇಳಬೇಡಿ. ಅಳುವ ವಿಡಿಯೊ ತೆಗೆಯಬೇಡಿ. ಕರೆದುಕೊಂಡು ಹೋದ ದಿನವೆಲ್ಲ ಮಾಲ್, ಗಡ್‌ಬಡ್ ಐಸ್‌ಕ್ರೀಂ ಅಂತ ಸುತ್ತುವುದೂ ಬೇಡ, ಒಂದು ಸಲ ಸಾಕು. ಮಳೆ ಇಲ್ಲದಾಗ ಮಲ್ಪೆ ಅಥವಾ ತಣ್ಣೀರುಬಾವಿ ಬೀಚು, ಮಳೆ ಬಂದರೆ ಪಿಲಿಕುಳದ ತಾರಾಲಯ. ಹೋಂವರ್ಕ್ ಪುಸ್ತಕ ಮತ್ತು ಔಷಧಿ ಬ್ಯಾಗಿನಲ್ಲಿ ಮರಳಿ ಹೋಯಿತಾ ಅಂತ ಎರಡು ಸಲ ನೋಡಿ. ನಾನು ಒಮ್ಮೆ ಇನ್ಹೇಲರ್ ಮರೆತು, ಅದನ್ನು ಕೊಡಲಿಕ್ಕೇ ರಾತ್ರಿ ಬಸ್ಸಿನಲ್ಲಿ ಉಡುಪಿಗೆ ಹೋಗಿ ಬಂದೆ. ಅವಳಮ್ಮ ಗೇಟಿನ ತನಕ ಬಂದು ಏನೂ ಬೈಯದೆ ತೆಗೆದುಕೊಂಡರು.

ಮಗುವಿಗೆ ಅಪಾಯ ಇದ್ದರೆ

ಇದು ಮಗುವನ್ನು ಇಟ್ಟುಕೊಂಡವರಿಗೆ. ಎದುರಿನವರಿಗೆ ಕುಡಿತ, ಹೊಡೆತ, ಮಗುವಿನ ಮೇಲೆ ಕೆಟ್ಟ ನಡವಳಿಕೆ ಇದ್ದರೆ ಭೇಟಿಗೆ ಒಪ್ಪಲೇಬೇಕು ಅಂತ ಇಲ್ಲ. ಮಗುವಿನ ಹಿತಕ್ಕೆ ಧಕ್ಕೆ ಅಂತ ಕಂಡರೆ ದೌರ್ಜನ್ಯ ಕಾಯ್ದೆಯ ಕೆಳಗೆ ಮ್ಯಾಜಿಸ್ಟ್ರೇಟರು ಭೇಟಿಯನ್ನು ನಿರಾಕರಿಸಬೇಕು. ಇಲ್ಲದಿದ್ದರೆ ಸಲಹೆಗಾರರ ಎದುರಿನಲ್ಲೇ ಭೇಟಿ, ರಾತ್ರಿ ತಂಗುವುದು ಬೇಡ ಅಂತ ಕೇಳಬಹುದು. ಆದರೆ ಕೋರ್ಟಿಗೆ ಹೇಳಿ. ಆದೇಶ ಕೈಯಲ್ಲಿದ್ದೂ ಏನೂ ಹೇಳದೆ ಮಗುವನ್ನು ಕಳಿಸದೇ ಇದ್ದರೆ ತಪ್ಪಿತಸ್ಥರು ನೀವಾಗುತ್ತೀರಿ. ತುರ್ತಿಗೆ ಮಕ್ಕಳ ಸಹಾಯವಾಣಿ 1098, ಹೆಂಗಸರಿಗೆ 181.

ಆದೇಶ ಇದ್ದೂ ಮಗುವನ್ನು ಕೊಡದಿದ್ದರೆ

ಹೊತ್ತಿಗೆ ಸರಿಯಾಗಿ ಆ ಜಾಗಕ್ಕೆ ಹೋಗಿ. "ನಾನು ಗೇಟಿನಲ್ಲಿದ್ದೇನೆ, 2.10 ಆಯ್ತು" ಅಂತ ಒಂದು ಮೆಸೇಜ್ ಹಾಕಿ. ಬೈಗುಳ ಬೇಡ, ಆ ಮೆಸೇಜನ್ನು ನಾಳೆ ಜಡ್ಜರು ಓದುತ್ತಾರೆ. ಡೈರಿಯಲ್ಲಿ ದಿನಾಂಕ ಬರೆಯಿರಿ. ಎರಡು ಮೂರು ಸಲ ಹೀಗಾದರೆ ಅದೇ ಕೋರ್ಟಿನಲ್ಲಿ ಅರ್ಜಿ ಹಾಕಿ, ತಪ್ಪಿದ ದಿನಗಳಿಗೆ ಬದಲಿ ದಿನ ಕೇಳಿ. ಆಮೇಲೂ ಬಗ್ಗದಿದ್ದರೆ ಆದೇಶ ಜಾರಿಯ ಅರ್ಜಿ. ಬೇಕೆಂದೇ ಮೀರಿದ್ದಾರೆ ಅಂತಾದರೆ ಹೈಕೋರ್ಟಿನಲ್ಲಿ ನ್ಯಾಯಾಂಗ ನಿಂದನೆ, ಅದನ್ನು ಒಂದು ವರ್ಷದೊಳಗೆ ಹಾಕಬೇಕು. ನಮ್ಮ ಎರಡೂ ಜಿಲ್ಲೆಗೆ ಹೈಕೋರ್ಟ್ ಅಂದರೆ ಬೆಂಗಳೂರೇ, ಹಾಗಾಗಿ ಖರ್ಚು ಲೆಕ್ಕ ಹಾಕಿಯೇ ಹೊರಡಿ.

ಶಾಲೆಯ ಎದುರಿನಿಂದ ಮಗುವನ್ನು ಎತ್ತಿಕೊಂಡು ಹೋಗುವುದು ಮಾತ್ರ ಬೇಡವೇ ಬೇಡ. ಅರ್ಧ ಗಂಟೆಯ ಆ ಸಿಟ್ಟಿಗೆ ಸಿಕ್ಕಿದ ಭೇಟಿಯೂ ಹೋಗುತ್ತದೆ.

ಜೀವನಾಂಶ ಕೊಡುತ್ತಿಲ್ಲ, ಹಾಗಾಗಿ ಮಗುವನ್ನು ತೋರಿಸುವುದಿಲ್ಲ. ಮಗುವನ್ನು ತೋರಿಸುತ್ತಿಲ್ಲ, ಹಾಗಾಗಿ ದುಡ್ಡು ಕೊಡುವುದಿಲ್ಲ. ಎರಡೂ ತಪ್ಪು. ಎರಡಕ್ಕೂ ಬೇರೆ ಬೇರೆ ಅರ್ಜಿ ಉಂಟು.

ಮಗು ದೊಡ್ಡದಾದ ಹಾಗೆ

ಕಸ್ಟಡಿ, ಭೇಟಿಯ ಆದೇಶಗಳು ಕಲ್ಲಿನಲ್ಲಿ ಕೆತ್ತಿದ್ದಲ್ಲ. ಪರಿಸ್ಥಿತಿ ಬದಲಾದರೆ ಬದಲಿಸಬಹುದು ಅಂತ 1973ರ ರೋಸಿ ಜೇಕಬ್ ಪ್ರಕರಣದಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಮೂರು ವರ್ಷದ ಮಗುವಿಗೆ ಬರೆದ ವೇಳಾಪಟ್ಟಿ ಹತ್ತು ವರ್ಷದ ಮಗುವಿಗೆ ಹಿಡಿಸುವುದಿಲ್ಲ, ಅಲ್ವಾ? ಕೆಲಸದ ಊರು ಬದಲಾದರೂ ಅರ್ಜಿ ಹಾಕಬಹುದು.

ಹೋದ ವರ್ಷ ಮಗಳಿಗೆ ಶನಿವಾರ ಮಧ್ಯಾಹ್ನ ಯಕ್ಷಗಾನದ ಕ್ಲಾಸು ಶುರುವಾಯಿತು. "ಅಪ್ಪ, ನೀವು ಭಾನುವಾರ ಬೆಳಿಗ್ಗೆ ಬರ್ತೀರಾ?" ಅಂತ ಅವಳೇ ಫೋನಿನಲ್ಲಿ ಕೇಳಿದಳು. ನಾನೂ ಅವಳಮ್ಮನೂ ಸಹಿ ಹಾಕಿ ಜಂಟಿ ಮೆಮೊ ಕೊಟ್ಟೆವು. ಎರಡೇ ವಾಯಿದೆಯಲ್ಲಿ ಆದೇಶ ಬಂತು. ಈಗ ಭಾನುವಾರ ಬೆಳಿಗ್ಗೆ 8 ಗಂಟೆಗೆ, ಅದೇ ಗೇಟಿನಲ್ಲಿ.